ಸ್ಟ್ರೈಕ್ ಗೆರೆ ಎಳೆಯೋದು ಯಾರು? ಬೇಸ್‌ಬಾಲ್‌ಗೆ ಬಂದ 12 ಕ್ಯಾಮೆರಾಗಳ ಕಥೆ

2025ರ ಜುಲೈ 15. ಅಟ್ಲಾಂಟಾದಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಆಲ್‌ಸ್ಟಾರ್ ಪಂದ್ಯ, ಮೊದಲ ಇನ್ನಿಂಗ್ಸ್. ಎಡಗೈ ಪಿಚರ್ ಟ್ಯಾರಿಕ್ ಸ್ಕೂಬಲ್ ಎಸೆದ ಚೆಂಡನ್ನು ಮ್ಯಾನಿ ಮಚಾಡೊ ಆಡದೆ ಬಿಟ್ಟರು. ಹಿಂದೆ ನಿಂತಿದ್ದ ಅಂಪೈರ್ 'ಬಾಲ್' ಅಂದರು. ಅಂದರೆ ಚೆಂಡು ಬರಬೇಕಾದ ಜಾಗದಲ್ಲಿ ಬರಲಿಲ್ಲ ಅಂತ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕ್ಯಾಲ್ ರಾಲಿ ವಾದ ಮಾಡಲಿಲ್ಲ. ತಲೆ ಮೇಲಿನ ಹೆಲ್ಮೆಟ್ ಒಮ್ಮೆ ತಟ್ಟಿದರು, ಅಷ್ಟೇ. ಕೆಲವೇ ಸೆಕೆಂಡಿನಲ್ಲಿ ಸ್ಟೇಡಿಯಂನ ದೊಡ್ಡ ಪರದೆ ಮೇಲೆ ಒಂದು ಚೌಕ ಮೂಡಿತು, ಚೆಂಡು ಅದರೊಳಗೆ. ಸ್ಟ್ರೈಕ್, ಅದೂ ಮೂರನೆಯದು. ಮಚಾಡೊ ಔಟ್.

ಆ ರಾತ್ರಿ ಹೀಗೆ ಐದು ಸಲ ಪ್ರಶ್ನೆ ಎತ್ತಿದರು. ನಾಲ್ಕು ಸಲ ಅಂಪೈರ್ ತೀರ್ಪು ಬದಲಾಯಿತು. ಎರಡು ತಿಂಗಳ ನಂತರ, ಸೆಪ್ಟೆಂಬರ್ 23ರಂದು, ಲೀಗಿನ ನಿಯಮ ಸಮಿತಿ ಈ ಪದ್ಧತಿಗೆ ಒಪ್ಪಿಗೆ ಕೊಟ್ಟಿತು. ಆ ಸಮಿತಿಯಲ್ಲಿ ತಂಡದ ಮಾಲೀಕರ ಕಡೆಯವರು ಆರು ಜನ, ಆಟಗಾರರು ನಾಲ್ಕು ಜನ, ಅಂಪೈರ್ ಒಬ್ಬರು. 2026ರ ಸೀಸನ್‌ನಿಂದ ಇದು ಎಲ್ಲ ಪಂದ್ಯಗಳಿಗೂ ನಿಯಮ. ಹೆಸರು ಆಟೊಮೇಟೆಡ್ ಬಾಲ್-ಸ್ಟ್ರೈಕ್ ಸಿಸ್ಟಮ್, ಚಿಕ್ಕದಾಗಿ ಎಬಿಎಸ್.

ಬೇಸ್‌ಬಾಲ್ ನೋಡದವರಿಗೆ ಇದರಲ್ಲಿ ಅಂಥ ದೊಡ್ಡ ಸಂಗತಿ ಏನಿದೆ ಅನ್ನಿಸಬಹುದು. ಕ್ರಿಕೆಟ್ಟಿನಿಂದಲೇ ಹೇಳ್ತೀನಿ. ಮನೆ ಮುಂದಿನ ರಸ್ತೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿದವರಿಗೆ ಗೊತ್ತು, ಅಲ್ಲಿ ಎಲ್‌ಬಿಡಬ್ಲ್ಯೂ ಇರೋದಿಲ್ಲ. ಅಂಪೈರ್ ಆಗಿ ನಿಂತವನು ಬ್ಯಾಟಿಂಗ್ ಕಡೆಯವನೇ ಆಗಿರ್ತಾನೆ. ಬೋಲ್ಡ್ ಆದರೆ ಸ್ಟಂಪ್ ಬೀಳುತ್ತೆ, ಕ್ಯಾಚ್ ಆದರೆ ಎಲ್ಲರಿಗೂ ಕಾಣುತ್ತೆ. ಎಲ್‌ಬಿಡಬ್ಲ್ಯೂ ಮಾತ್ರ ಒಬ್ಬನ ಕಣ್ಣಿಗೆ ಬಿಟ್ಟದ್ದು. ಅದಕ್ಕೇ ಜಗಳ ಬೇಡ ಅಂತ ಆ ನಿಯಮವನ್ನೇ ಕೈಬಿಟ್ಟಿದ್ದೆವು. ಬೇಸ್‌ಬಾಲ್‌ಗೆ ಆ ಅನುಕೂಲ ಇಲ್ಲ. ಅಲ್ಲಿ ಬ್ಯಾಟರ್ ಬೀಸದೆ ಬಿಟ್ಟ ಪ್ರತಿ ಚೆಂಡೂ ಒಂದು ಎಲ್‌ಬಿಡಬ್ಲ್ಯೂ ಅಪೀಲ್ ಇದ್ದ ಹಾಗೆ. ಒಂದು ಪಂದ್ಯದಲ್ಲಿ ಸುಮಾರು 150 ಸಲ ಅಂಪೈರ್ ಹೇಳಲೇಬೇಕು: ಚೌಕದೊಳಗೆ ಬಂತಾ, ಹೊರಗೆ ಹೋಯ್ತಾ? ಒಳಗೆ ಬಂದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ನಾಲ್ಕು ಬಾಲ್ ಆದರೆ ಅವನು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದುಕೊಂಡು ಹೋಗ್ತಾನೆ. ಇಡೀ ಆಟ ನಿಂತಿರೋದೇ ಈ ಲೆಕ್ಕದ ಮೇಲೆ.

ಆ ಚೌಕ ಕಣ್ಣಿಗೆ ಕಾಣೋದಿಲ್ಲ. ನೆಲದಲ್ಲಿ ಹೋಮ್ ಪ್ಲೇಟ್ ಅನ್ನೋ ಬಿಳಿ ಹಲಗೆ ಇರುತ್ತೆ, 17 ಇಂಚು ಅಗಲ. ಅದರ ಮೇಲಿನ ಗಾಳಿಯಲ್ಲಿ, ಬ್ಯಾಟರ್‌ನ ಮೊಣಕಾಲ ಚಿಪ್ಪಿನ ಕೆಳಗಿನಿಂದ ಎದೆ ಹತ್ತಿರದವರೆಗೆ ಒಂದು ಕಿಟಕಿ ಇದೆ ಅಂದುಕೊಳ್ಳಬೇಕು. ಪಿಚರ್ ನಿಂತಿರೋದು 60 ಅಡಿ 6 ಇಂಚು ದೂರದಲ್ಲಿ. ಗಂಟೆಗೆ 95 ಮೈಲಿ ವೇಗದಲ್ಲಿ ಬಿಟ್ಟ ಚೆಂಡು ಅರ್ಧ ಸೆಕೆಂಡೂ ತೆಗೆದುಕೊಳ್ಳದೆ ಪ್ಲೇಟ್ ದಾಟುತ್ತೆ. ಬರೋವಾಗ ಪಕ್ಕಕ್ಕೆ ಹೊರಳುತ್ತೆ, ಕೆಳಗೆ ಬೀಳುತ್ತೆ. ಅಂಪೈರ್ ಕ್ಯಾಚರ್‌ನ ಹೆಗಲ ಮೇಲಿಂದ ಇಣುಕಿ ನೋಡ್ತಾ ಇರ್ತಾರೆ.

ಇಷ್ಟೆಲ್ಲ ಕಷ್ಟ ಇದ್ದರೂ ಇವತ್ತಿನ ಅಂಪೈರ್‌ಗಳು 100ರಲ್ಲಿ ಸುಮಾರು 94 ಸಲ ಸರಿಯಾಗಿ ಹೇಳ್ತಾರೆ. ಇದನ್ನು ಮೊದಲು ಹೇಳಿಬಿಡಬೇಕು. ಕ್ಯಾಮೆರಾ ಬಂತು ಅಂದ ತಕ್ಷಣ ಅಂಪೈರ್‌ಗಳು ಕೆಟ್ಟವರು ಅನ್ನೋ ಮಾತು ಶುರುವಾಗುತ್ತೆ, ಅದು ಅನ್ಯಾಯ. 2008ರಿಂದ ಎಲ್ಲ ಮೈದಾನಗಳಲ್ಲೂ ಚೆಂಡಿನ ದಾರಿ ಅಳೆಯುವ ಕ್ಯಾಮೆರಾಗಳಿವೆ. ಅಂಪೈರ್‌ಗಳ ಕೆಲಸವನ್ನು ಆ ಅಳತೆಗೆ ಹೋಲಿಸಿ ನೋಡುತ್ತಲೇ ಬಂದಿದ್ದಾರೆ, ಅವರ ಲೆಕ್ಕ ಅಂದಿನಿಂದ ಸುಧಾರಿಸುತ್ತಲೇ ಇದೆ. ಆದರೆ 150ರಲ್ಲಿ 6 ಪರ್ಸೆಂಟ್ ಅಂದರೆ ಪಂದ್ಯಕ್ಕೆ ಒಂಬತ್ತು ತಪ್ಪು. ಅದರಲ್ಲಿ ಒಂದು ಕೊನೆಯ ಇನ್ನಿಂಗ್ಸ್‌ನಲ್ಲಿ, ಎಲ್ಲ ಬೇಸ್‌ಗಳಲ್ಲೂ ಓಟಗಾರರು ನಿಂತಿರುವಾಗ ಆದರೆ? ಮನೆಯಲ್ಲಿ ಕೂತು ಟಿವಿ ನೋಡೋ ಮಗುವಿಗೂ ಪರದೆ ಮೇಲಿನ ಚೌಕದಲ್ಲಿ ತಪ್ಪು ಕಾಣುತ್ತೆ. ಮೈದಾನದಲ್ಲಿ ತೀರ್ಪು ಕೊಡುವ ಒಬ್ಬ ಮನುಷ್ಯನಿಗೆ ಮಾತ್ರ ಆ ಚೌಕ ಕಾಣೋದಿಲ್ಲ. ಈ ಪರಿಸ್ಥಿತಿ ಬಹಳ ದಿನ ನಡೆಯೋದಲ್ಲ. ಆಟಗಾರರು, ಕೋಚ್‌ಗಳು ಮೈದಾನದಿಂದ ಹೊರಹಾಕಿಸಿಕೊಳ್ಳೋದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಬಾಲ್-ಸ್ಟ್ರೈಕ್ ಜಗಳದಿಂದಲೇ.

ಇನ್ನು, ಅಂಪೈರ್‌ನ ಮನಸ್ಸಿನಲ್ಲಿರೋ ಕಿಟಕಿ ನಿಯಮ ಪುಸ್ತಕದ ಕಿಟಕಿಯ ಹಾಗೆ ಇರೋದಿಲ್ಲ. ಪುಸ್ತಕದ್ದು ಚೌಕ. ಮನುಷ್ಯರು ಕೊಟ್ಟ ತೀರ್ಪುಗಳನ್ನೆಲ್ಲ ಒಂದು ಚಿತ್ರದಲ್ಲಿ ಚುಕ್ಕಿ ಹಾಕಿ ನೋಡಿದರೆ ಮೂಲೆಗಳು ಮಾಯವಾಗಿ ಮೊಟ್ಟೆಯ ಆಕಾರ ಬರುತ್ತೆ. ಅಷ್ಟೇ ಆಗಿದ್ದರೆ ಸುಲಭವಿತ್ತು. ಆ ಮೊಟ್ಟೆ ಹಿಗ್ಗುತ್ತೆ, ಕುಗ್ಗುತ್ತೆ ಕೂಡ. ಮೂರು ಬಾಲ್ ಆಗಿ ಒಂದೂ ಸ್ಟ್ರೈಕ್ ಆಗದೆ ಪಿಚರ್ ಕಷ್ಟದಲ್ಲಿದ್ದಾಗ ಕಿಟಕಿ ದೊಡ್ಡದಾಗುತ್ತೆ. ಎರಡು ಸ್ಟ್ರೈಕ್ ಆಗಿ ಒಂದೂ ಬಾಲ್ ಆಗದೆ ಬ್ಯಾಟರ್ ಕಷ್ಟದಲ್ಲಿದ್ದಾಗ ಚಿಕ್ಕದಾಗುತ್ತೆ. ಇದನ್ನು ಅಂಕಿಅಂಶದವರು ಮತ್ತೆ ಮತ್ತೆ ನೋಡಿದ್ದಾರೆ. ಯಾವ ಅಂಪೈರೂ ಬೇಕೂಂತ ಮಾಡೋದಲ್ಲ. ಸೋಲ್ತಾ ಇರೋನ ಕಡೆ ಮನಸ್ಸು ಸ್ವಲ್ಪ ವಾಲುತ್ತೆ, ಅಷ್ಟೇ. ನನಗೆ ಈ ಸಂಗತಿ ಬಹಳ ಹಿಡಿಸಿತು. ಹಾಗಂತ ಅದನ್ನು ಹಾಗೇ ಬಿಡಬೇಕು ಅಂತಲೂ ಅನ್ನಿಸೋದಿಲ್ಲ. ಮೂರನೇ ಸ್ಟ್ರೈಕ್ ಎಸೆದು ಸಿಗದೇ ಹೋದ ಪಿಚರ್‌ಗೂ ಮನೆ, ಸಂಸಾರ, ಮುಂದಿನ ವರ್ಷದ ಕಾಂಟ್ರಾಕ್ಟ್ ಇದೆ, ಅಲ್ವಾ?

ವಾಲೋದು ಮಿತಿ ಮೀರಿದ ಉದಾಹರಣೆಯೂ ಇದೆ. 1997ರ ಅಕ್ಟೋಬರ್ 12ರಂದು ಫ್ಲೋರಿಡಾ ಮಾರ್ಲಿನ್ಸ್‌ನ ಲಿವಾನ್ ಹೆರ್ನಾಂಡೆಸ್ ಪ್ಲೇಆಫ್ ಪಂದ್ಯವೊಂದರಲ್ಲಿ 15 ಜನರನ್ನು ಸ್ಟ್ರೈಕ್‌ಔಟ್ ಮಾಡಿದರು. ಅಂದು ಪ್ಲೇಟ್ ಹಿಂದೆ ಇದ್ದವರು ಎರಿಕ್ ಗ್ರೆಗ್. ಪ್ಲೇಟಿನಿಂದ ಎಷ್ಟೋ ಹೊರಗೆ ಹೋದ ಚೆಂಡುಗಳೂ ಸ್ಟ್ರೈಕ್ ಆದವು. ಸೋತ ಅಟ್ಲಾಂಟಾದವರು ಇವತ್ತಿಗೂ ಆ ಪಂದ್ಯದ ಮಾತು ಬಂದರೆ ಸುಮ್ನಿರೋದಿಲ್ಲ.

ಈಗ ಯಂತ್ರದ ವಿಷಯ. ಪ್ರತಿ ಮೈದಾನದ ಸುತ್ತ 12 ಹಾಕ್-ಐ ಕ್ಯಾಮೆರಾಗಳಿವೆ. ಬೇರೆ ಬೇರೆ ಕೋನದಿಂದ ಹಿಡಿದ ಚಿತ್ರಗಳನ್ನು ಕಂಪ್ಯೂಟರ್ ಜೋಡಿಸಿ ಚೆಂಡಿನ ದಾರಿ ಲೆಕ್ಕ ಹಾಕುತ್ತೆ. ಹಾಕ್-ಐ ಅಂದ ತಕ್ಷಣ ನಮಗೆ ನೆನಪಾಗೋದು ಕ್ರಿಕೆಟ್, ಸರಿಯಾಗೇ ಇದೆ. ಅದೇ ಕಂಪನಿ. 2001ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್-ಪಾಕಿಸ್ತಾನ ಟೆಸ್ಟಿನ ಟಿವಿ ಪ್ರಸಾರಕ್ಕೆ ಅದು ಮೊದಲು ಬಂತು. 2008ರಲ್ಲಿ ಶ್ರೀಲಂಕಾದಲ್ಲಿ ಅಂಪೈರ್ ತೀರ್ಪನ್ನು ಪ್ರಶ್ನಿಸುವ ಪದ್ಧತಿಯನ್ನು ಟೆಸ್ಟ್‌ನಲ್ಲಿ ಮೊದಲ ಸಲ ಪ್ರಯೋಗ ಮಾಡಿದಾಗ ಭಾರತದ ನಾಯಕ ನಮ್ಮ ಅನಿಲ್ ಕುಂಬ್ಳೆ. ಆ ಸರಣಿಯಲ್ಲಿ ರಿವ್ಯೂ ನಮ್ಮ ತಂಡಕ್ಕೆ ಕೈಹಿಡಿದದ್ದು ಒಂದೇ ಒಂದು ಸಲ. ಅಲ್ಲಿಂದ ಮುಂದೆ ಭಾರತ ಎಷ್ಟು ವರ್ಷ ಡಿಆರ್‌ಎಸ್ ಬೇಡ ಅಂತ ಹಟ ಹಿಡಿಯಿತು ಅಂತ ನಿಮಗೇ ಗೊತ್ತು. 2016ರಲ್ಲಿ ಇಂಗ್ಲೆಂಡ್ ಇಲ್ಲಿಗೆ ಬಂದಾಗ ಒಪ್ಪಿಕೊಂಡದ್ದು.

ಕ್ರಿಕೆಟ್ ಮತ್ತು ಬೇಸ್‌ಬಾಲ್ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಎಲ್‌ಬಿಡಬ್ಲ್ಯೂನಲ್ಲಿ ಚೆಂಡು ಪ್ಯಾಡಿಗೆ ಬಡಿದು ನಿಂತುಹೋಗಿರುತ್ತೆ. ಮುಂದೆ ಅದು ಎಲ್ಲಿಗೆ ಹೋಗುತ್ತಿತ್ತು ಅಂತ ಕಂಪ್ಯೂಟರ್ ಊಹಿಸಬೇಕು. ಊಹೆ ಇರೋದರಿಂದಲೇ 'ಅಂಪೈರ್ಸ್ ಕಾಲ್' ಅನ್ನೋ ಅನುಮಾನದ ಪಟ್ಟಿ ಉಳಿದಿದೆ. 2021ರಲ್ಲಿ ಕುಂಬ್ಳೆ ಅಧ್ಯಕ್ಷರಾಗಿದ್ದ ಐಸಿಸಿ ಕ್ರಿಕೆಟ್ ಸಮಿತಿ ಅದನ್ನು ಉಳಿಸಿಕೊಳ್ಳಬೇಕು ಅಂತಲೇ ಹೇಳಿತು. ಬೇಸ್‌ಬಾಲ್‌ನಲ್ಲಿ ಊಹೆ ಬೇಕಿಲ್ಲ. ಚೆಂಡು ನಿಜವಾಗಿ ಪ್ಲೇಟ್ ದಾಟಿ ಹೋಗಿರುತ್ತೆ, ಕ್ಯಾಮೆರಾ ಅದನ್ನು ನೋಡಿರುತ್ತೆ. ಹಾಗಾಗಿ ಅಲ್ಲಿ ಅನುಮಾನದ ಪಟ್ಟಿ ಇಲ್ಲ. ಚೌಕದ ಅಂಚಿಗೆ ಚೆಂಡಿನ ಕೂದಲೆಳೆಯಷ್ಟು ತಾಗಿದರೂ ಸ್ಟ್ರೈಕ್.

ಹಾಗಾದರೆ ಚೌಕ ಎಲ್ಲಿದೆ? ನನ್ನ ಪ್ರಕಾರ ಇಡೀ ವಿಷಯದ ಗಂಟು ಇರೋದು ಇಲ್ಲೇ. ಚೆಂಡು ಎಲ್ಲಿ ಹೋಯಿತು ಅನ್ನೋದನ್ನು ಕ್ಯಾಮೆರಾ ಹೇಳುತ್ತೆ. ಗೆರೆ ಎಲ್ಲಿದೆ ಅನ್ನೋದನ್ನು ಅದು ಹೇಳೋದಿಲ್ಲ. ಅದನ್ನು ಯಾರೋ ಕೂತು ಬರೆಯಬೇಕು. ನೂರಕ್ಕೂ ಹೆಚ್ಚು ವರ್ಷ ಆ ಕೆಲಸವನ್ನು ಅಂಪೈರ್‌ಗಳು ಪಂದ್ಯ ಪಂದ್ಯಕ್ಕೂ, ಪಿಚರ್ ಮತ್ತು ಬ್ಯಾಟರ್ ಜೊತೆ ಸುಮ್ನೆ ಹೊಂದಿಸಿಕೊಂಡು ಮಾಡಿಕೊಂಡು ಬಂದರು. ಯಂತ್ರಕ್ಕೆ ಹೊಂದಾಣಿಕೆ ಗೊತ್ತಿಲ್ಲ, ಅಂಕಿ ಬೇಕು.

2019ರಲ್ಲಿ ಅಟ್ಲಾಂಟಿಕ್ ಲೀಗ್ ಎಂಬ ಚಿಕ್ಕ ವೃತ್ತಿಪರ ಲೀಗಿನಲ್ಲಿ ಮೊದಲ ಪ್ರಯೋಗ ನಡೆಯಿತು. ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಲ್ಲಿ ಅವರ ಆಲ್‌ಸ್ಟಾರ್ ಪಂದ್ಯ. ಅಂಪೈರ್ ಕಿವಿಯಲ್ಲಿ ಇಯರ್‌ಪೀಸ್, ಜೇಬಿನಲ್ಲಿ ಐಫೋನ್. ಪ್ರತಿ ಚೆಂಡಿಗೂ ಯಂತ್ರ ಹೇಳಿದ್ದನ್ನೇ ಅವರು ಹೇಳಬೇಕು. ಆಗ ಕಿಟಕಿಯನ್ನು ಪುಸ್ತಕದಲ್ಲಿ ಇದ್ದ ಹಾಗೆ, ಪ್ಲೇಟ್ ಮೇಲೆ ನಿಂತ ಒಂದು ಪೆಟ್ಟಿಗೆ ಅಂತ ತೆಗೆದುಕೊಂಡಿದ್ದರು. ಪೆಟ್ಟಿಗೆಯ ಯಾವ ಭಾಗಕ್ಕೆ ತಾಗಿದರೂ ಸ್ಟ್ರೈಕ್. ಇದರಿಂದ ವಿಚಿತ್ರ ಒಂದು ಆಯಿತು. ಜೋರಾಗಿ ಕೆಳಗೆ ಬೀಳುವ ಕರ್ವ್ ಚೆಂಡು ಪೆಟ್ಟಿಗೆಯ ಮುಂದಿನ ಅಂಚಿನ ತಳಕ್ಕೆ ಸ್ವಲ್ಪ ಸವರಿ, ಕ್ಯಾಚರ್ ಹತ್ತಿರ ಬರುವಷ್ಟರಲ್ಲಿ ನೆಲಕ್ಕೆ ಹತ್ತಿರವಾಗಿರುತ್ತಿತ್ತು. ಅದನ್ನು ಯಾವ ಬ್ಯಾಟರೂ ಹೊಡೆಯೋಕಾಗಲ್ಲ, ಯಾವ ಅಂಪೈರೂ ಜನ್ಮದಲ್ಲಿ ಸ್ಟ್ರೈಕ್ ಅಂದಿರಲ್ಲ. ಪುಸ್ತಕದ ಪ್ರಕಾರ ಅದು ಸ್ಟ್ರೈಕ್, ಆಟದ ಪ್ರಕಾರ ಅಲ್ಲ. ಕೊನೆಗೆ ಪೆಟ್ಟಿಗೆ ಬಿಟ್ಟು ಪ್ಲೇಟಿನ ನಡುಮಧ್ಯದಲ್ಲಿ, ಮುಂದಿನಿಂದ ಎಂಟೂವರೆ ಇಂಚು, ಹಿಂದಿನಿಂದ ಎಂಟೂವರೆ ಇಂಚು, ಒಂದು ಗಾಜಿನ ಹಾಳೆ ನಿಲ್ಲಿಸಿದ ಹಾಗೆ ಗೆರೆ ಎಳೆದರು. ಚೆಂಡು ಆ ಹಾಳೆಯನ್ನು ಎಲ್ಲಿ ದಾಟಿತೋ ಅದೇ ಲೆಕ್ಕ. ಕೆಳದರ್ಜೆಯ ಲೀಗುಗಳಲ್ಲಿ ವರ್ಷಗಟ್ಟಲೆ ಅಗಲ ಎತ್ತರಗಳನ್ನೂ ಬದಲಾಯಿಸಿ ನೋಡಿದರು. ಅಗಲ ಮೊದಲು 19 ಇಂಚು ಇತ್ತು, 17ಕ್ಕೆ ಇಳಿಸಿದರು. ಮೇಲಿನ ಗೆರೆ ಬ್ಯಾಟರ್ ಎತ್ತರದ 51 ಪರ್ಸೆಂಟ್ ಇದ್ದದ್ದು 53.5ಕ್ಕೆ ಏರಿತು. ಕೆಳಗಿನದು 27 ಪರ್ಸೆಂಟ್‌ಗೆ ನಿಂತಿತು.

ಈ ಪರ್ಸೆಂಟ್ ಲೆಕ್ಕದಲ್ಲಿ ಒಬ್ಬೊಬ್ಬ ಬ್ಯಾಟರ್‌ಗೂ ಬೇರೆ ಕಿಟಕಿ. ನ್ಯೂಯಾರ್ಕ್ ಯಾಂಕೀಸ್‌ನ ಆರನ್ ಜಡ್ಜ್ 6 ಅಡಿ 7 ಇಂಚು ಅಂತ ದಾಖಲೆಯಲ್ಲಿದೆ. ಅವರ ಕಿಟಕಿ ನೆಲದಿಂದ ಸುಮಾರು 21 ಇಂಚಿಗೆ ಶುರುವಾಗಿ 42 ಇಂಚಿಗೆ ಮುಗಿಯುತ್ತೆ. ಹ್ಯೂಸ್ಟನ್‌ನ ಹೋಸೆ ಅಲ್ಟುವೆ 5 ಅಡಿ 6 ಇಂಚು. ಅವರದು ಸುಮಾರು 18ಕ್ಕೆ ಶುರು, 35ಕ್ಕೆ ಮುಕ್ತಾಯ. ಇಬ್ಬರೂ ಒಂದೇ ಜಾಗದಲ್ಲಿ ನಿಂತು ಆಡ್ತಾರೆ. ಜಡ್ಜ್‌ರಂಥ ಎತ್ತರದವರಿಗೆ ಮೊಣಕಾಲ ಕೆಳಗೆ ಹೋದ ಚೆಂಡನ್ನೂ ಅಂಪೈರ್‌ಗಳು ಸ್ಟ್ರೈಕ್ ಕೊಡ್ತಾರೆ ಅನ್ನೋದು ಹಳೇ ದೂರು. ಕಣ್ಣಿಗೆ ರೂಢಿಯಾದ ಸರಾಸರಿ ಮೊಣಕಾಲು ಒಂದಿರುತ್ತೆ, ಇವರದು ಅದಕ್ಕಿಂತ ಮೇಲಿದೆ. ಇವರ ಪಾಲಿಗೆ ಕ್ಯಾಮೆರಾ ನಿಜವಾದ ಉಪಕಾರ.

ಅಳತೆ ತೆಗೆಯೋದು ಬ್ಯಾಟರ್‌ನನ್ನು ಶೂ ಇಲ್ಲದೆ ನೆಟ್ಟಗೆ ನಿಲ್ಲಿಸಿ. ಆಡುವಾಗ ಬಗ್ಗಿ ನಿಂತರೂ ಕಿಟಕಿ ಅಲ್ಲಾಡೋದಿಲ್ಲ. ಇದರಿಂದ ಒಂದು ಹಳೇ ವಿದ್ಯೆ ಮುಗಿದುಹೋಯಿತು. ರಿಕಿ ಹೆಂಡರ್ಸನ್ ಎಷ್ಟು ಮುದುರಿಕೊಂಡು ನಿಲ್ಲುತ್ತಿದ್ದರು ಅಂದರೆ ಪಿಚರ್‌ಗೆ ಎಸೆಯೋಕೆ ಜಾಗವೇ ಕಾಣುತ್ತಿರಲಿಲ್ಲ. ಅವರು ವೃತ್ತಿಜೀವನದಲ್ಲಿ 2,190 ಸಲ ನಾಲ್ಕು ಬಾಲ್ ಗಳಿಸಿ ನಡೆದುಕೊಂಡು ಹೋದರು. ಇನ್ನೂ ಹಿಂದೆ, 1951ರ ಆಗಸ್ಟ್ 19ರಂದು, ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಮಾಲೀಕ ಬಿಲ್ ವೀಕ್ 3 ಅಡಿ 7 ಇಂಚಿನ ಎಡ್ಡಿ ಗೇಡೆಲ್ ಅವರನ್ನು ಬ್ಯಾಟಿಂಗಿಗೆ ಕಳಿಸಿದ್ದರು. ಬೆನ್ನ ಮೇಲೆ ಎಂಟನೇ ಒಂದು ಅನ್ನೋ ನಂಬರ್. ಬ್ಯಾಟ್ ಬೀಸಲೇಬೇಡ ಅಂತ ಹೇಳಿ ಕಳಿಸಿದ್ದರು. ಬಾಗಿ ನಿಂತ ಅವರ ಕಿಟಕಿಗೆ ಪಿಚರ್‌ಗೆ ಒಂದು ಚೆಂಡೂ ಹಾಕಲಾಗಲಿಲ್ಲ, ನಾಲ್ಕೂ ಬಾಲ್. ಇವತ್ತಿನ ಪರ್ಸೆಂಟ್ ಲೆಕ್ಕದಲ್ಲಿ ಅವರಿಗೂ ಹನ್ನೊಂದು ಇಂಚಿನ ಕಿಟಕಿ ಸಿಗುತ್ತಿತ್ತು, ಬಾಗಿದರೂ ಅಷ್ಟೇ.

ಹಾಗಾದರೆ ಪ್ರತಿ ಚೆಂಡನ್ನೂ ಯಂತ್ರಕ್ಕೇ ಬಿಟ್ಟುಬಿಡಬಹುದಲ್ಲ? ದಕ್ಷಿಣ ಕೊರಿಯಾ ಅದನ್ನೇ ಮಾಡಿತು. 2024ರಿಂದ ಅಲ್ಲಿನ ಕೆಬಿಒ ಲೀಗಿನಲ್ಲಿ ಪ್ರತಿ ಬಾಲ್, ಪ್ರತಿ ಸ್ಟ್ರೈಕ್ ಯಂತ್ರದ್ದೇ. ಅಂಪೈರ್ ಕಿವಿಯಲ್ಲಿ ಕೇಳಿ ಕೈಯೆತ್ತುತ್ತಾರೆ. ಶುರುವಾಗಿ ತಿಂಗಳು ಕಳೆಯುವ ಮೊದಲೇ, ಏಪ್ರಿಲ್ 14ರಂದು ಡೇಗು ನಗರದಲ್ಲಿ ಒಂದು ಘಟನೆ ನಡೆಯಿತು. ಎನ್‌ಸಿ ಡೈನೋಸ್ ಪಿಚರ್ ಎಸೆದ ಚೆಂಡನ್ನು ಯಂತ್ರ ಸ್ಟ್ರೈಕ್ ಅಂದಿತು. ಅಂಪೈರ್ ಬಾಲ್ ಕೊಟ್ಟರು. ತಂಡದವರ ಹತ್ತಿರ ಟ್ಯಾಬ್ಲೆಟ್ ಇತ್ತು. ಅದರಲ್ಲಿ ಸ್ಟ್ರೈಕ್ ಅಂತ ಕಂಡಾಗ ಇನ್ನೂ ಕೆಲವು ಚೆಂಡು ಆಗಿಹೋಗಿದ್ದವು. ದೂರು ಕೊಟ್ಟರೆ ತಡವಾಯಿತು ಅಂದರು. ಆಗ ಅಂಪೈರ್‌ಗಳು ಒಟ್ಟಿಗೆ ನಿಂತು, ಯಂತ್ರವೇ ಬಾಲ್ ಅಂದಿತು ಅಂತ ಹೇಳೋಣ ಅಂದುಕೊಂಡ ಮಾತು ಮೈಕಿನಲ್ಲಿ ಸಿಕ್ಕಿ ಟಿವಿಯಲ್ಲಿ ಪ್ರಸಾರವಾಯಿತು. ಒಬ್ಬರ ಕೆಲಸ ಹೋಯಿತು, ಉಳಿದವರು ಸಸ್ಪೆಂಡ್ ಆದರು. ಅದೇ ತಿಂಗಳು ಹಿರಿಯ ಪಿಚರ್ ರ್‍ಯೂ ಹ್ಯುನ್-ಜಿನ್ ಒಂದು ದಿನ ಇದ್ದ ಗೆರೆ ಇನ್ನೊಂದು ದಿನ ಇಲ್ಲ ಅಂತ ಬಹಿರಂಗವಾಗಿ ಹೇಳಿದರು. ಲೀಗ್ ಉತ್ತರವಾಗಿ ಅಳತೆಯ ಅಂಕಿಗಳನ್ನೇ ಹೊರಗಿಟ್ಟಿತು. 2025ಕ್ಕೆ ಕಿಟಕಿಯನ್ನು ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿಸಿದರು. ನೋಡಿ, ಗೆರೆ ಮತ್ತೆ ಮನುಷ್ಯರ ಕೈಗೇ ಬಂತು.

ಟೆನಿಸ್‌ನಲ್ಲೂ ಹೀಗೇ ಆಯಿತು. ವಿಂಬಲ್ಡನ್ 2025ರಲ್ಲಿ ಲೈನ್ ಜಡ್ಜ್‌ಗಳನ್ನು ಪೂರ್ತಿ ತೆಗೆದು ಕ್ಯಾಮೆರಾಗೆ ಬಿಟ್ಟಿತು. ಸೆಂಟರ್ ಕೋರ್ಟ್‌ನಲ್ಲಿ ಪಾವ್ಲ್ಯುಚೆಂಕೋವಾ ಮತ್ತು ಕಾರ್ಟಲ್ ಆಡುತ್ತಿದ್ದಾಗ ಅಂಗಳದ ಒಂದು ಭಾಗದಲ್ಲಿ ವ್ಯವಸ್ಥೆ ಆಫ್ ಆಗಿತ್ತು. ಯಾರೋ ತಪ್ಪಿ ಆಫ್ ಮಾಡಿದ್ದರು. ಚೆಂಡು ಸ್ಪಷ್ಟವಾಗಿ ಹೊರಗೆ ಬಿದ್ದರೂ ಯಂತ್ರ ಸುಮ್ಮನಿತ್ತು. ಅಂಪೈರ್ ತನ್ನ ಕಣ್ಣನ್ನು ನಂಬಿ ತೀರ್ಪು ಕೊಡಲಿಲ್ಲ, ಆ ಪಾಯಿಂಟನ್ನು ಮತ್ತೆ ಆಡಿಸಿದರು.

ಅಮೆರಿಕದವರು ಎರಡನ್ನೂ ಪರೀಕ್ಷೆ ಮಾಡಿ ನೋಡಿದರು. 2023ರಲ್ಲಿ ಮೇಜರ್ ಲೀಗಿಗೆ ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಪಂದ್ಯಗಳಲ್ಲಿ ಅರ್ಧ ಪೂರ್ತಿ ಯಂತ್ರದ್ದು, ಅರ್ಧ ಚಾಲೆಂಜ್ ಪದ್ಧತಿ, ಅಂದರೆ ತೀರ್ಪು ಅಂಪೈರ್‌ದೇ, ಆಟಗಾರ ಪ್ರಶ್ನಿಸಿದರೆ ಮಾತ್ರ ಯಂತ್ರ. ಆಟಗಾರರಿಗೂ ಕೋಚ್‌ಗಳಿಗೂ ಚಾಲೆಂಜ್ ಜಾಸ್ತಿ ಇಷ್ಟವಾಯಿತು. 2024ರ ಜೂನ್‌ನಿಂದ ಅಲ್ಲಿ ಅದೊಂದೇ ಉಳಿಯಿತು, ಈಗ ಮೇಲಕ್ಕೂ ಬಂದಿದೆ. ನನಗೂ ಇದೇ ಸರಿ ಅನ್ನಿಸುತ್ತೆ. ಪೂರ್ತಿ ಯಂತ್ರ ಅಂದರೆ ಕೂದಲೆಳೆಯಷ್ಟು ವ್ಯತ್ಯಾಸದ ಚೆಂಡಿಗೂ, ಒಂದು ಅಡಿ ಹೊರಗೆ ಹೋದ ಚೆಂಡಿಗೂ ಒಂದೇ ಬೆಲೆ. ಜನರಿಗೆ ಬೇಕಾಗಿರೋದು ಕಣ್ಣಿಗೆ ಹೊಡೆಯೋ ತಪ್ಪು ಸರಿಯಾಗೋದು. ಚಾಲೆಂಜ್‌ನಲ್ಲಿ ತಂಡಕ್ಕೆ ಪಂದ್ಯಕ್ಕೆ ಎರಡೇ ಅವಕಾಶ. ಗೆದ್ದರೆ ಉಳಿಯುತ್ತೆ, ಸೋತರೆ ಹೋಗುತ್ತೆ. ಎರಡೇ ಇರುವಾಗ ಯಾರೂ ಸಣ್ಣಪುಟ್ಟದಕ್ಕೆ ಖರ್ಚು ಮಾಡೋದಿಲ್ಲ.

ನಿಯಮದ ಇನ್ನೊಂದು ಭಾಗ ನನಗೆ ಎಲ್ಲಕ್ಕಿಂತ ಚೆನ್ನಾಗಿ ಕಂಡಿತು. ಪ್ರಶ್ನೆ ಎತ್ತಬಹುದಾದವರು ಮೂರೇ ಜನ: ಬ್ಯಾಟರ್, ಪಿಚರ್, ಕ್ಯಾಚರ್. ಅದೂ ತಕ್ಷಣ, ಎರಡು ಸೆಕೆಂಡಿನ ಆಸುಪಾಸಿನಲ್ಲಿ, ಟೋಪಿ ಅಥವಾ ಹೆಲ್ಮೆಟ್ ತಟ್ಟಿ. ಹೊರಗೆ ಕೂತ ಕೋಚ್ ಸನ್ನೆ ಮಾಡುವ ಹಾಗಿಲ್ಲ. ಕ್ರಿಕೆಟ್ಟಿನಲ್ಲಿ 15 ಸೆಕೆಂಡ್ ಸಿಗುತ್ತೆ, ನಾಯಕ ಕೀಪರ್ ಕೇಳ್ತಾನೆ, ಬೌಲರ್ ಕೇಳ್ತಾನೆ, ಸ್ಲಿಪ್‌ನವರೂ ಸೇರಿಕೊಳ್ತಾರೆ. ಇಲ್ಲಿ ಒಬ್ಬನೇ, ತನ್ನ ಕಣ್ಣು ನಂಬಿ. ಫಲಿತಾಂಶ ಸುಮಾರು 15 ಸೆಕೆಂಡಿನಲ್ಲಿ ಪರದೆ ಮೇಲೆ ಬರುತ್ತೆ, ಆಟಗಾರನೂ ಅಂಪೈರೂ ಪ್ರೇಕ್ಷಕರೂ ಒಟ್ಟಿಗೆ ನೋಡ್ತಾರೆ. ತೀರ್ಪು ಬದಲಾದರೆ ಅಂಪೈರ್ ಮುಂದಿನ ಚೆಂಡಿಗೆ ಬಗ್ಗಿ ನಿಲ್ತಾರೆ. ಕೂಗಾಟ ಇಲ್ಲ, ಟೋಪಿ ನೆಲಕ್ಕೆ ಬಿಸಾಡೋದಿಲ್ಲ.

2025ರ ವಸಂತದಲ್ಲಿ 288 ಅಭ್ಯಾಸ ಪಂದ್ಯಗಳಲ್ಲಿ ಇದನ್ನು ಆಡಿಸಿ ನೋಡಿದಾಗ ಪಂದ್ಯಕ್ಕೆ ಸರಾಸರಿ ನಾಲ್ಕು ಚಾಲೆಂಜ್ ಬಂದವು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗೆದ್ದವು. ಯಾರು ಗೆದ್ದರು ಅನ್ನೋದು ಇನ್ನೂ ಸ್ವಾರಸ್ಯ. ಕ್ಯಾಚರ್‌ಗಳು 56 ಪರ್ಸೆಂಟ್, ಬ್ಯಾಟರ್‌ಗಳು 50, ಪಿಚರ್‌ಗಳು 41. ಎಸೆದವನಿಗೆ ತಾನು ಎಸೆದದ್ದೆಲ್ಲ ಸ್ಟ್ರೈಕ್ ಥರಾನೇ ಕಾಣುತ್ತೆ.

ಕ್ಯಾಚರ್ ವಿಷಯ ಮಾತ್ರ ಬೇರೆ. ಅವನ ಮುಖ್ಯ ವಿದ್ಯೆಗಳಲ್ಲಿ ಒಂದು ಫ್ರೇಮಿಂಗ್. ಹೊರಗೆ ಹೋಗ್ತಾ ಇರೋ ಚೆಂಡನ್ನು ಗ್ಲೌಸ್‌ನಲ್ಲಿ ಹಿಡಿಯುವಾಗಲೇ, ಮಣಿಕಟ್ಟನ್ನು ಚೂರೇ ಚೂರು ಒಳಗೆ ತಂದು, ಅದು ಒಳಗೇ ಇತ್ತು ಅನ್ನೋ ಹಾಗೆ ತೋರಿಸೋದು. ಸ್ಯಾನ್ ಫ್ರಾನ್ಸಿಸ್ಕೊದ ಪ್ಯಾಟ್ರಿಕ್ ಬೇಲಿ ಇದರಲ್ಲಿ ಎತ್ತಿದ ಕೈ. ತಂಡಗಳು ಈ ವಿದ್ಯೆಗಾಗಿಯೇ ಕ್ಯಾಚರ್‌ಗಳಿಗೆ ಕೋಟಿಗಟ್ಟಲೆ ಕೊಟ್ಟಿವೆ. ಪೂರ್ತಿ ಯಂತ್ರ ಬಂದಿದ್ದರೆ ಅದು ಒಂದೇ ದಿನದಲ್ಲಿ ಕಸವಾಗುತ್ತಿತ್ತು. ಚಾಲೆಂಜ್‌ನಲ್ಲಿ ಉಳಿದಿದೆ. ಆದರೆ ಈಗ ಅದೇ ಕ್ಯಾಚರ್ ಇನ್ನೊಂದು ಕೆಲಸವನ್ನೂ ಮಾಡಬೇಕು. ಅಂಪೈರ್ ಬಾಲ್ ಅಂದಾಗ ಕೈ ತಲೆಗೆ ಹೋಗಬೇಕೋ ಬೇಡವೋ ಅಂತ ತೀರ್ಮಾನಿಸಬೇಕು. ಚೆಂಡನ್ನು ಎಲ್ಲಿ ಹಿಡಿದೆ, ಎಲ್ಲಿಗೆ ಎಳೆದೆ ಅನ್ನೋದು ಅವನ ಕೈಗೆ ಗೊತ್ತಿದೆ. ಅಂಪೈರ್‌ಗೆ ತೋರಿಸಿದ್ದನ್ನು ತಾನೇ ನಂಬಿಬಿಟ್ಟರೆ ಎರಡರಲ್ಲಿ ಒಂದು ಚಾಲೆಂಜ್ ಹೋಯಿತು.

ಅಷ್ಟು ಯೋಚನೆ ಮಾಡೋಕೆ ಅವನಿಗಿರೋದು ಎರಡು ಸೆಕೆಂಡ್. ಚೆಂಡು ಇನ್ನೂ ಗ್ಲೌಸ್‌ನಲ್ಲೇ ಇರುತ್ತೆ.